ಈಶ್ವರ ಸಂವತ್ಸರದ ಬರವೂ ನಿತ್ಯನರಕದ ವಾದವೂ

ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರದ ಕಾರ್ತಿಕ ಬಂದರೂ ಮೈಸೂರು ಸೀಮೆಯನ್ನು ಬಿಟ್ಟಿರಲಿಲ್ಲ. ಇಂಗ್ಲಿಷ್ ಲೆಕ್ಕಕ್ಕೆ ಅದು 1877ರ ನವೆಂಬರ್. ಬೆಂಗಳೂರಿನಿಂದ ಕೆಂಗೇರಿಯ ಮೇಲೆ ಮೈಸೂರಿಗೆ ಹೋಗುವ ರೈಲುದಾರಿಯನ್ನು ಬರಪರಿಹಾರದ ಕಾಮಗಾರಿಯೆಂದು ಕೈಗೆತ್ತಿಕೊಂಡ ಕಾಲ. ಆ ದಾರಿಗೆ ಮಣ್ಣು ಹೊತ್ತವರು ಹೊಟ್ಟೆಗಿಲ್ಲದೆ ಬಂದ ಜನ. 1871ರ ಖಾನೇಷುಮಾರಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ಹತ್ತು ವರ್ಷ ಹುಟ್ಟಿದವರನ್ನೂ ಲೆಕ್ಕಕ್ಕೆ ಹಿಡಿದರೆ ಸತ್ತವರ ಪ್ರಮಾಣ ಇನ್ನೂ ಘೋರ.

ಇಂಥ ಸಾವಿನ ನಡುವೆ ಕಥೋಲಿಕ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಗಂಜಿ ಹಾಕುವುದಷ್ಟೇ ಕೆಲಸವಾಗಿರಲಿಲ್ಲ. ಬದುಕುವ ಆಸೆಯಿಲ್ಲದ ಕೂಸಿನ ಹಣೆಗೆ ನೀರೆರೆದು, ಪಿತ ಸುತ ಪವಿತ್ರಾತ್ಮರ ಹೆಸರು ಹೇಳಿ ಜ್ಞಾನಸ್ನಾನ ಕೊಡುವುದು ಆ ಕಾಲದ ಮಿಷನ್ನುಗಳ ರೂಢಿ. ಅದಕ್ಕೆ ಗುರುಗಳೇ ಬೇಕೆಂದಿಲ್ಲ. ಆಪತ್ಕಾಲದಲ್ಲಿ ಯಾರು ಕೊಟ್ಟರೂ ಸಿಂಧು. ಜ್ಞಾನಸ್ನಾನವಿಲ್ಲದೆ ಸತ್ತ ಹಸುಳೆ ದೇವದರ್ಶನ ಪಡೆಯದು, ಲಿಂಬೋ ಎಂಬ ನೋವೂ ಇಲ್ಲದ, ಸ್ವರ್ಗವೂ ಅಲ್ಲದ ತಾಣದಲ್ಲಿ ಉಳಿಯುತ್ತದೆ ಎಂದು ಶತಮಾನಗಳಿಂದ ಬೋಧಿಸುತ್ತ ಬಂದಿದ್ದರು. ಆ ಕೈಗಳು ಅವಸರಪಟ್ಟದ್ದು ಕರುಣೆಯಿಂದಲೇ, ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಕರುಣೆಯ ಹಿಂದೆ ನಿಂತಿದ್ದ ದೇವರ ಚಿತ್ರ ಎಂಥದು? ತಾಯಿಯ ಎದೆಹಾಲು ಬತ್ತಿ ಸತ್ತ ಮಗುವಿಗೆ ಒಂದು ಬೊಗಸೆ ನೀರು ತಪ್ಪಿದ್ದಕ್ಕೆ ಬಾಗಿಲು ಹಾಕುವ ದೇವರೇ? ಈ ಪ್ರಶ್ನೆಗೆ ರೋಮಿನಿಂದ ಉತ್ತರ ಬರಲು 130 ವರ್ಷ ಹಿಡಿಯಿತು. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗವು ಅಂಥ ಮಕ್ಕಳೂ ರಕ್ಷಣೆ ಹೊಂದುವರೆಂದು ನಂಬಲು ಗಟ್ಟಿಯಾದ ಆಧಾರಗಳಿವೆ ಎಂದು ಹೇಳಿತು. ನಿಶ್ಚಯವೆನ್ನಲಿಲ್ಲ, ಭರವಸೆ ಎಂದಿತು.

ಅದೇ 1877ರ ನವೆಂಬರ್‌ನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪೀಠದಿಂದ ಫ್ರೆಡರಿಕ್ ಫ್ಯಾರರ್ ಎಂಬ ಆಂಗ್ಲಿಕನ್ ಗುರು ನಿತ್ಯನರಕದ ಬೋಧನೆಗೆ ಎದುರುನಿಂತು ಮಾತಾಡಿದರು. ಅವರು ಹುಟ್ಟಿದ್ದು 1831ರಲ್ಲಿ, ಬೊಂಬಾಯಿಯಲ್ಲಿ, ಮಿಷನರಿಯೊಬ್ಬರ ಮಗನಾಗಿ. ಎಲ್ಲರೂ ರಕ್ಷಣೆ ಹೊಂದುತ್ತಾರೆಂದು ಅವರು ಸಾರಲಿಲ್ಲ; ಕೊನೆಯಿಲ್ಲದ ಯಾತನೆ ಧರ್ಮಗ್ರಂಥದ ಮಾತಲ್ಲವೆಂದೂ ಸಾವಿನಾಚೆಗೂ ದೇವರ ಕರುಣೆಗೆ ಎಡೆಯಿದೆಯೆಂದೂ ವಾದಿಸಿದರು. ಆಕ್ಸ್‌ಫರ್ಡಿನ ಪ್ಯೂಸಿ 1880ರಲ್ಲಿ ಪುಸ್ತಕ ಬರೆದು ಇದಕ್ಕೆ ಉತ್ತರ ಕೊಟ್ಟರು. ಕಾಲು ಶತಮಾನದ ಹಿಂದೆ, 1853ರಲ್ಲಿ, ಇಂಥದೇ ಮಾತಿಗೆ ಫ್ರೆಡರಿಕ್ ಮಾರಿಸ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡಿದ್ದರು. ಫ್ಯಾರರರ ಹುದ್ದೆ ಉಳಿಯಿತು. ಅಷ್ಟರಮಟ್ಟಿಗೆ ಗಾಳಿ ಬದಲಾಗಿತ್ತು.

ಕನ್ನಡ ನಾಡಿನಲ್ಲಿ ಈ ವಾದದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಆಬೆ ದುಬಾ ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರಾದವರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಒಕ್ಕಲುಗಳನ್ನು ನೆಲೆಗೊಳಿಸಿದರು, ಸಿಡುಬಿನ ವಿರುದ್ಧ ದೇವಿ ಹಾಕಿಸಿದರು. ಆದರೆ 1823ರಲ್ಲಿ ಯುರೋಪಿಗೆ ಮರಳಿ ಅವರು ಅಚ್ಚುಹಾಕಿಸಿದ ಪತ್ರಗಳು ಸೋತ ಮನಸ್ಸಿನ ಬರಹ. 25 ವರ್ಷಗಳಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ, ಅವರಲ್ಲೂ ಬಹುಪಾಲು ಗತಿಯಿಲ್ಲದವರು ಎಂದು ಅವರೇ ಒಪ್ಪಿಕೊಂಡರು. ಹಿಂದೂಗಳನ್ನು ಮತಾಂತರಿಸುವುದು ಮನುಷ್ಯಮಾತ್ರರಿಂದ ಆಗದ ಕೆಲಸ ಎಂದರು. ಅಲ್ಲಿಗೂ ನಿಲ್ಲದೆ, ಸುವಾರ್ತೆಯನ್ನು ಹಟದಿಂದ ನಿರಾಕರಿಸಿದ ಈ ಜನ ದೇವರ ಶಾಪಕ್ಕೆ ಈಡಾಗಿದ್ದಾರೆ ಎನ್ನುವವರೆಗೂ ಹೋದರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರೊಟೆಸ್ಟೆಂಟರು ಮರುವರ್ಷವೇ ಖಂಡನೆಯ ಪುಸ್ತಕಗಳನ್ನು ತಂದರು. ಖಂಡಿಸಿದವರೂ ನರಕವನ್ನು ಅಲ್ಲಗಳೆದವರಲ್ಲ. ದುಬಾ ಅವರಿಗೆ ದೇವಕೋಪ ಬಾಗಿಲು ಮುಚ್ಚಿಬಿಟ್ಟಿತ್ತು. ಖಂಡಿಸಿದವರಿಗೆ ಅದೇ ಕೋಪ, ಓಡಿಹೋಗಿ ಜನರನ್ನು ಕರೆತರಬೇಕೆಂಬ ತುರ್ತಾಗಿತ್ತು.

ಪಡುವಣ ಕರಾವಳಿಯ ಕತೆ ಬೇರೆ. 1834ರಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಮೋಗ್ಲಿಂಗರೂ ಹಾಗೆಯೇ. ಆ ಸೀಮೆಯ ಭಕ್ತಮಂಡಲಿಗಳಲ್ಲಿ ಒಂದು ಗುಪ್ತಗಂಗೆ ಹರಿಯುತ್ತಿತ್ತು: ಕಡೆಗೊಮ್ಮೆ ಎಲ್ಲವೂ, ಎಲ್ಲರೂ ದೇವರಲ್ಲಿ ಸರಿಹೋಗುವರು ಎಂಬ ನಂಬಿಕೆ. ಓಟಿಂಗರ್ ಎಂಬ ಪಂಡಿತರು ಅದನ್ನು ಬರೆದರು, 1819ರಲ್ಲಿ ತೀರಿಕೊಂಡ ಮಿಖಾಯೆಲ್ ಹಾನ್ ಎಂಬ ರೈತ ಅದನ್ನು ಮನೆಮನೆಯ ಕೂಟಗಳಲ್ಲಿ ಹೇಳಿದರು. ಆದರೆ 1530ರ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 17ನೆಯ ವಿಧಿ, ದಂಡನೆಗೆ ಕೊನೆಯುಂಟೆಂದು ಕಲಿಸುವವರನ್ನು ಖಂಡಿಸಿತ್ತು. ಆದ್ದರಿಂದ ಆ ಸೀಮೆಯಲ್ಲಿ ಅದು ಬಹಿರಂಗವಾಗಿ ಸಾರುವ ಸಂಗತಿಯಾಗಲಿಲ್ಲ. ದಾಸರ ಪದಗಳನ್ನು ಕೂಡಿಸಿ ಅಚ್ಚಿಗೆ ತಂದ ಮೋಗ್ಲಿಂಗರೂ ವೇದಗಳ ಬಲಿಕರ್ಮವನ್ನು ಶೋಧಿಸಿ 1872ರಲ್ಲಿ ಯಜ್ಞದ ಮೇಲೆ ಪುಸ್ತಕ ಬರೆದ ಅದೇ ಮಿಷನ್ನಿನ ಕಿಟೆಲ್ಲರೂ ಪಾಪ, ಬಲಿ, ಕ್ಷಮೆಗಳ ಮಾತನ್ನು ಕನ್ನಡದ ಅಂಗಳಕ್ಕೇ ತಂದು ಕೂರಿಸಿದವರು. ನರಕದ ಭಯವೊಂದನ್ನೇ ನೆಚ್ಚಿದವರಿಗೆ ಇಷ್ಟು ಓದಿನ ಸಹನೆ ಇರುತ್ತಿತ್ತೆಂದು ನನಗೆ ತೋರುವುದಿಲ್ಲ.

ಬೆಂಗಳೂರಿನಲ್ಲಿ ಈ ಒಳಜಗಳ ಬಾಯಿಬಿಟ್ಟದ್ದು ಲಂಡನ್ ಮಿಷನ್ನಿನ ಥಾಮಸ್ ಎಬೆನೇಜರ್ ಸ್ಲೇಟರ್ ಅವರಿಂದ. ಅವರ ಕೆಲಸ ಪೇಟೆಬೀದಿಯ ಬೋಧನೆಗಿಂತ ಹೆಚ್ಚಾಗಿ ಇಂಗ್ಲಿಷ್ ಕಲಿತ ಹಿಂದೂಗಳ ನಡುವೆ: ಉಪನ್ಯಾಸ, ಮಾತುಕತೆ, ಪತ್ರ. ಉಪನಿಷತ್ತು ಬಲ್ಲ ಶ್ರೋತೃಗಳ ಎದುರು ನಿಂತು, ನಿಮ್ಮ ಹಿರಿಯರೆಲ್ಲ ಕೇಳದೇ ಇದ್ದ ಹೆಸರಿಗಾಗಿ ಉರಿಯುತ್ತಿದ್ದಾರೆ ಎನ್ನುವುದು ಅವರಿಂದಾಗಲಿಲ್ಲ. 1882ರಲ್ಲಿ ಮಿಷನ್ನುಗಳ ತತ್ತ್ವವನ್ನು ಕುರಿತು ಅವರು ಬರೆದ ಪುಸ್ತಕದಲ್ಲಿ, ಅನ್ಯಧರ್ಮೀಯರು ಸಾರಾಸಗಟಾಗಿ ನರಕಕ್ಕೆ ಬೀಳುತ್ತಿದ್ದಾರೆಂಬ ನಂಬಿಕೆ ಮಿಷನ್ನಿಗೆ ಆಧಾರವಾಗಲಾರದು ಎಂದರು. ಮನುಷ್ಯನಿಗೆ ಎಷ್ಟು ಬೆಳಕು ಸಿಕ್ಕಿತ್ತೋ ಅಷ್ಟಕ್ಕೆ ತಕ್ಕ ತೀರ್ಪು. ಕ್ರಿಸ್ತ ಹಿಂದೂಧರ್ಮವನ್ನು ಕೆಡವಲು ಬಂದವನಲ್ಲ, ಅದರ ಹಂಬಲವನ್ನು ತುಂಬಿಕೊಡಲು ಬಂದವನು ಎಂಬುದು ಅವರ ನಿಲುವು. ಇದಕ್ಕೆ ಎದುರಾಗಿ ನಿಂತವರ ಪ್ರಶ್ನೆಯೂ ಹಗುರವಾದದ್ದಲ್ಲ: ನರಕವಿಲ್ಲವಾದರೆ ಮನೆಮಠ ಬಿಟ್ಟು, ಕಾಲರಾಕ್ಕೆ ಮಕ್ಕಳನ್ನು ಒಪ್ಪಿಸಿ ಇಲ್ಲಿಗೆ ಬಂದದ್ದು ಯಾತಕ್ಕೆ? ಇಲ್ಲಿಯ ಸ್ಮಶಾನಗಳಲ್ಲಿ ಮಿಷನರಿಗಳ ಕೂಸುಗಳ ಗೋರಿಗಳನ್ನು ಕಂಡವರು ಆ ಪ್ರಶ್ನೆಯನ್ನು ತಳ್ಳಿಹಾಕಲಾರರು.

ಬಳ್ಳಾರಿಯಲ್ಲಿದ್ದ ಅದೇ ಮಿಷನ್ನಿನ ಬರ್ನಾರ್ಡ್ ಲ್ಯೂಕಸ್ 1907ರ ತಮ್ಮ ಪುಸ್ತಕದಲ್ಲಿ ಇನ್ನೂ ಮುಂದಕ್ಕೆ ಹೋದರು. ಒಬ್ಬೊಬ್ಬರನ್ನೇ ಹೆಕ್ಕಿ ಸಭೆಗೆ ಸೇರಿಸುವುದು ಬೇರೆ, ಇಡೀ ಭಾರತದ ಬಾಳಿಗೆ ಸುವಾರ್ತೆಯ ಹದ ಹತ್ತಿಸುವುದು ಬೇರೆ ಎಂದು ಬಿಡಿಸಿ ಹೇಳಿದರು. 1910ರಲ್ಲಿ ಎಡಿನ್‌ಬರೋದಲ್ಲಿ ಲೋಕದ ಪ್ರೊಟೆಸ್ಟೆಂಟ್ ಮಿಷನ್ನುಗಳೆಲ್ಲ ಸೇರಿದಾಗ ಸ್ಲೇಟರರ ಲಿಖಿತ ಉತ್ತರವೂ ಅಲ್ಲಿ ಪರಿಶೀಲನೆಗೆ ಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಬಾಗಿಲು ತೆರೆಯಿತು. ಅಲ್ಲಿ ಪಾಠ ಹೇಳಿದ ದೇವನಂದನ್ ಲೋಕದ ಕ್ರೈಸ್ತಸಭೆಗಳ ಒಕ್ಕೂಟದ 1961ರ ದೆಹಲಿ ಮಹಾಸಭೆಯಲ್ಲಿ ಅನ್ಯಧರ್ಮಗಳಲ್ಲೂ ದೇವರ ಕೆಲಸವನ್ನು ಕಾಣುವ ಮಾತಾಡಿದರು. 1964ರಲ್ಲಿ ವ್ಯಾಟಿಕನ್ ಮಹಾಸಭೆಯು, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನರಿಯದವರೂ ರಕ್ಷಣೆ ಹೊಂದಬಲ್ಲರು ಎಂದು ಬರೆದಿಟ್ಟಿತು. 1920ರಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದ ಕನ್ನಡನಾಡಿನ ಸ್ಟ್ಯಾನ್ಲಿ ಸಮರ್ಥರು 1971ರಿಂದ ಜಿನೀವಾದಲ್ಲಿ ಅದೇ ಕ್ರೈಸ್ತಸಭೆಗಳ ಒಕ್ಕೂಟದ ಸಂವಾದ ವಿಭಾಗವನ್ನು ಕಟ್ಟಿದರು. ರಕ್ಷಣೆಯನ್ನು ಒಂದು ಧರ್ಮದ ಸ್ವತ್ತೆನ್ನಲು ಅವರು ಒಪ್ಪಲಿಲ್ಲ.

ಒಪ್ಪದವರು ಸುಮ್ಮನಾಗಲಿಲ್ಲ. 1974ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸೇರಿದ ಸುವಾರ್ತಾವಾದಿಗಳು ಕ್ರಿಸ್ತನನ್ನು ತಿರಸ್ಕರಿಸಿದವರು ದೇವರಿಂದ ನಿತ್ಯವಾಗಿ ಅಗಲುವರೆಂದು ಒಡಂಬಡಿಕೆ ಬರೆದರು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಜಾನ್ ಸ್ಟಾಟ್ 1988ರಲ್ಲಿ ಪ್ರಕಟವಾದ ಸಂವಾದಗ್ರಂಥವೊಂದರಲ್ಲಿ, ದುಷ್ಟರು ಕೊನೆಯಿಲ್ಲದೆ ಬೇಯುವುದಕ್ಕಿಂತ ಕಡೆಗೆ ಇಲ್ಲವಾಗುವರೆಂಬುದು ಬೈಬಲಿಗೆ ಹತ್ತಿರವಿರಬಹುದು ಎಂದು ಅಳುಕುತ್ತಲೇ ಬರೆದರು. ಅವರ ಬಳಗದವರೇ ಅವರ ಮೇಲೆ ಮುನಿದರು. ಸ್ಟಾಟ್ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.