ಕಾಡಿನ ಬಾಳುವೆಯಲ್ಲಿ ಬೆಂಕಿಯ ಸ್ಥಾನ: ಒಂದು ಐತಿಹಾಸಿಕ ವಿಚಾರ

ಬೇಲೂರಿನಿಂದ ಹಳೇಬೀಡಿನ ಮಾರ್ಗವಾಗಿ ಅರಸೀಕೆರೆಗೆ ಪಯಣಿಸುವವನು ಕೆಲವೇ ಗಾವುದಗಳಲ್ಲಿ ಮಲೆನಾಡಿನ ಅಂಚನ್ನು ಬಿಟ್ಟು ಬಯಲುಸೀಮೆಯನ್ನು ಸೇರುತ್ತಾನೆ. ಮಳೆ ತಗ್ಗಿದಂತೆ ಮರ ವಿರಳವಾಗಿ ಹುಲ್ಲು ಹೆಚ್ಚುತ್ತದೆ. ಬೇಸಗೆಯಲ್ಲಿ ಆ ಹುಲ್ಲೇ ಕಿಚ್ಚಿಗೆ ಮೇವಾಗುತ್ತದೆ. ಇಂತಹ ಒಣನಾಡಿನಲ್ಲಿ ಬೆಂಕಿಯೆಂದರೆ ವಿನಾಶವೇ ಎಂಬುದು ಸಾಮಾನ್ಯರ ತಿಳಿವಳಿಕೆ. ಇತಿಹಾಸವು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ.

ಕಾಡಿನ ಬೆಂಕಿಯನ್ನು ಸಂಪೂರ್ಣವಾಗಿ ತಡೆಯಬೇಕೆಂಬ ನೀತಿಯು ಪ್ರಾಚೀನವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಬೆಲೆಬಾಳುವ ಮರಗಳ ರಕ್ಷಣೆಗಾಗಿ, ಅದು ಬ್ರಿಟಿಷ್ ಅರಣ್ಯಾಡಳಿತದೊಡನೆ ಬಂದಿತು. 1878ರ ಭಾರತೀಯ ಅರಣ್ಯ ಕಾಯಿದೆಯಿಂದ 1963ರ ನಮ್ಮ ರಾಜ್ಯದ ಕಾಯಿದೆಯವರೆಗೆ, ಮೀಸಲು ಅರಣ್ಯದಲ್ಲಿ ಬೆಂಕಿಯಿಡುವುದು ಅಪರಾಧವೇ. ಆದರೆ ಬರ್ಮಾದಲ್ಲಿ ಬೆಂಕಿ ನಿಂತ ಮೇಲೆ ತೇಗದ ಸಸಿಗಳೇ ಪೊದೆಗಳ ನೆರಳಿನಲ್ಲಿ ಸೊರಗಿದುದನ್ನು ಅರಣ್ಯಾಧಿಕಾರಿಗಳೇ ಆ ಶತಮಾನದ ಕೊನೆಯ ವೇಳೆಗೆ ಎತ್ತಿ ತೋರಿದರು. ಅಮೆರಿಕದ ದಕ್ಷಿಣ ಭಾಗದ ನೀಳೆಲೆಯ ಪೈನ್ ವನಗಳೂ ಆಗಾಗ ಹರಿಯುವ ನೆಲಗಿಚ್ಚಿಲ್ಲದೆ ಬಾಳವು.

ನಮ್ಮ ನಾಡಿನ ನಿದರ್ಶನವೆಂದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿಯ ಸೋಲಿಗರು ಬೇಸಗೆ ಬಲಿಯುವ ಮೊದಲೇ ‘ತರಗು ಬೆಂಕಿ’ಯನ್ನಿಡುತ್ತಿದ್ದರು. ಅದು ಒಣಗಿದ ಎಲೆಗಳನ್ನು ಸುಡುತ್ತ ನೆಲಮಟ್ಟದಲ್ಲಿಯೇ ಹರಿಯುವುದು. ದೊಡ್ಡ ಮರಗಳಿಗೆ ಹೆಚ್ಚಿನ ಕೇಡಿಲ್ಲ. ಅದರಿಂದ ಹೊಸ ಹುಲ್ಲು ಚಿಗುರುವುದು, ನೆಲ್ಲಿಯ ಮರವನ್ನು ಹೀರುವ ಬದನಿಕೆ ತಗ್ಗುವುದು ಎಂಬುದು ಸೋಲಿಗರ ಅನುಭವ. 1974ರಲ್ಲಿ ಬೆಟ್ಟವು ವನ್ಯಜೀವಿ ಧಾಮವಾಯಿತು. ಈ ಪದ್ಧತಿ ನಿಂತಿತು. ತರುವಾಯದ ದಶಕಗಳಲ್ಲಿ ಅಮೆರಿಕ ಖಂಡದ ಮೂಲದ ಲಂಟಾನವು ಕಾಡನ್ನು ವ್ಯಾಪಕವಾಗಿ ಆವರಿಸಿತು. ಬೆಂಕಿ ನಿಂತುದೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಒಣಗಿದ ಪೊದೆಗಳ ರಾಶಿಗೆ ಕಡುಬೇಸಗೆಯಲ್ಲಿ ಕಿಡಿ ತಾಕಿದರೆ ಉರಿಯು ಮರದ ತಲೆಗೇರುತ್ತದೆ. ಪೊದೆ ಬೆಳೆದು ಒಣಗಿದ ಕಾಡು ಎಂತಹ ಉರಿಗೆ ಈಡಾಗಬಲ್ಲುದೆಂಬುದನ್ನು ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ನಾಡು ಕಂಡಿತು.

2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಸೋಲಿಗರ ಸಾಮೂಹಿಕ ಹಕ್ಕುಗಳು ಮಾನ್ಯವಾದವು. ಬೆಂಕಿಯ ಪ್ರಶ್ನೆ ಮಾತ್ರ ಉಳಿದೇ ಇದೆ. ಕಾಯಿದೆಯು ಎಲ್ಲ ಬೆಂಕಿಯನ್ನೂ ಒಂದೇ ಹೆಸರಿನಿಂದ ಕರೆಯಿತು; ಕಾಡಿನ ಜನರಿಗೆ ಮಾಗಿಯ ಬೆಂಕಿ ಬೇರೆ, ಕಡುಬೇಸಗೆಯ ಕಿಚ್ಚು ಬೇರೆ. ಈ ವಿವೇಕವು ಬರೆಹದಲ್ಲಿಲ್ಲ, ಹಿರಿಯರ ನೆನಪಿನಲ್ಲಿದೆ. ಶಾಸನಗಳನ್ನು ಓದುವ ನಾವು ಬಿಳಿಗಿರಿಯ ಸೋಲಿಗರನ್ನೂ ಅರಸೀಕೆರೆಯ ಗುಡ್ಡಗಳ ದನಗಾಹಿಗಳನ್ನೂ ಕೇಳಿ, ಅವರ ಮಾತನ್ನು ಈಗಲೇ ದಾಖಲಿಸತಕ್ಕದ್ದು. ಅವರ ತರುವಾಯ ಕೇಳಲು ಯಾರೂ ಇರುವುದಿಲ್ಲ.