ವನ್ಯಜೀವಿಗಳಲ್ಲಿ ವರ್ಣಹೀನತೆ

ವರ್ಣಹೀನತೆ ಎಂದರೆ ಪ್ರಾಣಿಗಳ ಚರ್ಮ, ಕೂದಲು, ಗರಿ ಅಥವಾ ಹುರುಪೆಗಳಲ್ಲಿ ಸಹಜವಾಗಿ ಇರಬೇಕಾದ ವರ್ಣದ್ರವ್ಯವು ಪೂರ್ಣವಾಗಿ ಅಥವಾ ಭಾಗಶಃ ಇಲ್ಲದಿರುವ ಸ್ಥಿತಿ. ಇಂತಹ ಪ್ರಾಣಿಗಳು ಅಚ್ಚ ಬಿಳಿಯಾಗಿ, ಬಿಳಿ ಮಚ್ಚೆಗಳಿಂದ ಕೂಡಿ ಅಥವಾ ಮಾಸಲು ಬಣ್ಣದಲ್ಲಿ ಕಾಣುತ್ತವೆ. ಇವೆಲ್ಲವನ್ನೂ 'ಆಲ್ಬಿನೋ' ಎಂದು ಕರೆಯುವ ರೂಢಿಯಿದ್ದರೂ ಆಲ್ಬಿನಿಸಂ ವರ್ಣಹೀನತೆಯ ಒಂದು ಬಗೆ ಮಾತ್ರ. ಕಾಗೆ, ಗೊರವಂಕ, ಪಿಕಳಾರ, ಅಳಿಲು, ನಾಗರಹಾವು ಮೊದಲಾದ ಪ್ರಾಣಿಪಕ್ಷಿಗಳಲ್ಲಿ ವರ್ಣಹೀನತೆಯು ಭಾರತದಲ್ಲಿ ದಾಖಲಾಗಿದೆ. ಇವೆಲ್ಲವೂ ಬೆಂಗಳೂರಿನ ಹೊರವಲಯದಲ್ಲಿ ವಾಸಿಸುವ ಜೀವಿಗಳೇ ಆಗಿವೆ.

ವರ್ಣದ್ರವ್ಯಗಳು

ಪ್ರಾಣಿಗಳ ಕಪ್ಪು, ಕಂದು ಮತ್ತು ಕೆಂಗಂದು ಬಣ್ಣಗಳಿಗೆ ಮೆಲನಿನ್ ಕಾರಣ. ಇದು ಶರೀರದಲ್ಲಿಯೇ ಟೈರೋಸಿನೇಸ್ ಎಂಬ ಕಿಣ್ವದ ನೆರವಿನಿಂದ ತಯಾರಾಗುತ್ತದೆ. ಹಕ್ಕಿಗಳ ಹಳದಿ ಮತ್ತು ಕೆಂಪು ಬಣ್ಣಗಳು ಬಹುಪಾಲು ಆಹಾರದಿಂದ ದೊರೆಯುವ ಕೆರೊಟಿನಾಯ್ಡ್‌ಗಳಿಂದ ಬರುತ್ತವೆ. ಆದ್ದರಿಂದ ಮೆಲನಿನ್ ಇಲ್ಲದ ಹಕ್ಕಿಯಲ್ಲಿಯೂ ಹಳದಿ ಅಥವಾ ಕೆಂಪು ಉಳಿದಿರಬಹುದು.

ಬಗೆಗಳು

ಆಲ್ಬಿನಿಸಂ: ಟೈರೋಸಿನೇಸ್ ಕಿಣ್ವದ ಆನುವಂಶಿಕ ದೋಷದಿಂದ ಮೆಲನಿನ್ ಉತ್ಪತ್ತಿಯಾಗುವುದಿಲ್ಲ. ಕಣ್ಣಿನಲ್ಲಿಯೂ ಮೆಲನಿನ್ ಇಲ್ಲದ ಕಾರಣ ಒಳಗಿನ ರಕ್ತನಾಳಗಳು ಗೋಚರಿಸಿ ಕಣ್ಣು ಕೆಂಪಗೆ ಅಥವಾ ಗುಲಾಬಿಯಾಗಿ ಕಾಣುತ್ತದೆ.

ಲ್ಯೂಸಿಸಂ: ಭ್ರೂಣಾವಸ್ಥೆಯಲ್ಲಿ ವರ್ಣಕೋಶಗಳು ಚರ್ಮದ ಎಲ್ಲ ಭಾಗಗಳನ್ನು ತಲುಪದೆ ಇದ್ದಾಗ ಉಂಟಾಗುತ್ತದೆ. ಬಿಳುಪು ಹುಟ್ಟಿನಿಂದಲೇ ಇರುತ್ತದೆ. ಕಣ್ಣಿನ ಬಣ್ಣ ಕೆಂಪಾಗುವುದಿಲ್ಲ. ಮೃಗಾಲಯಗಳಲ್ಲಿ ಕಾಣುವ ಬಿಳಿ ನವಿಲು ಇದಕ್ಕೆ ಉದಾಹರಣೆ.

ಕ್ರಮೇಣ ನರೆಯುವಿಕೆ: ವಯಸ್ಸು ಅಥವಾ ರೋಗದಿಂದ ವರ್ಣಕೋಶಗಳು ನಶಿಸಿ, ಪ್ರತಿ ಬಾರಿ ಗರಿ ಉದುರಿ ಹೊಸದು ಬಂದಾಗ ಬಿಳಿ ಗರಿಗಳ ಸಂಖ್ಯೆ ಹೆಚ್ಚುತ್ತದೆ.

ಮಾಸಲು ಬಣ್ಣ: ಮೆಲನಿನ್ ಪ್ರಮಾಣ ಕಡಿಮೆಯಾದಾಗ ಕಪ್ಪು ಬಣ್ಣವು ಬೂದುಬಣ್ಣವಾಗಿ ಕಾಣುತ್ತದೆ. ಮೆಲನಿನ್ ಸಂಪೂರ್ಣವಾಗಿ ಉತ್ಕರ್ಷಣಗೊಳ್ಳದಿದ್ದರೆ ಕಪ್ಪು ಗರಿಗಳು ಕಂದಾಗುತ್ತವೆ. ಅವು ಬಿಸಿಲಿಗೆ ಬೇಗನೆ ಇನ್ನಷ್ಟು ಬಿಳಿಚಿಕೊಳ್ಳುತ್ತವೆ.

ಈ ವರ್ಗೀಕರಣವನ್ನು ಪಕ್ಷಿತಜ್ಞ ಹೈನ್ ವಾನ್ ಗ್ರೌ ೨೦೦೬ರಲ್ಲಿ ಸ್ಪಷ್ಟಪಡಿಸಿದರು. ಅನಿಲ್ ಮಹಾಬಲ್ ಮತ್ತು ಸಂಗಡಿಗರು ಅವರೊಂದಿಗೆ ಸೇರಿ ೨೦೧೬ರಲ್ಲಿ ಭಾರತೀಯ ಹಕ್ಕಿಗಳ ಬಣ್ಣದ ವ್ಯತ್ಯಯಗಳನ್ನು ಪರಿಶೀಲಿಸಿದರು. ಸಸ್ತನಿಗಳ ಕುರಿತು ೧೮೮೬ರಿಂದ ೨೦೧೭ರವರೆಗಿನ ದಾಖಲೆಗಳ ಸಮೀಕ್ಷೆಯು ೨೦೧೯ರಲ್ಲಿ ಪ್ರಕಟವಾಯಿತು.

ನಗರದ ಹಕ್ಕಿಗಳು

ಆಲ್ಬಿನೋ ಹಕ್ಕಿಗಳ ದೃಷ್ಟಿ ಬಹಳ ದುರ್ಬಲವಾಗಿರುವುದರಿಂದ ಹೆಚ್ಚಿನವು ಗೂಡು ಬಿಟ್ಟ ಕೆಲವೇ ದಿನಗಳಲ್ಲಿ ಸಾಯುತ್ತವೆ. ಹೀಗಾಗಿ ವೈಟ್‌ಫೀಲ್ಡ್ ಅಥವಾ ಪೀಣ್ಯದಂತಹ ಪ್ರದೇಶದಲ್ಲಿ ಸ್ವಚ್ಛಂದವಾಗಿ ಹಾರಾಡುವ ಬೆಳೆದ ಬಿಳಿ ಕಾಗೆಯೊಂದು ಕಂಡರೆ ಅದು ಆಲ್ಬಿನೋ ಆಗಿರುವ ಸಾಧ್ಯತೆ ಅತ್ಯಲ್ಪ.

ಬಿಳಿ ಗರಿಗಳೆಲ್ಲ ಆನುವಂಶಿಕವೂ ಅಲ್ಲ. ಗರಿ ಬೆಳೆಯುವ ಕಾಲದಲ್ಲಿ ಪೌಷ್ಟಿಕಾಂಶದ ಕೊರತೆಯಾದರೆ ಗರಿಗಳಲ್ಲಿ ವರ್ಣದ್ರವ್ಯ ಸರಿಯಾಗಿ ಸೇರುವುದಿಲ್ಲ. ತ್ಯಾಜ್ಯವನ್ನು ತಿಂದು ಬದುಕುವ ನಗರದ ಕಾಗೆಗಳ ರೆಕ್ಕೆಗಳಲ್ಲಿ ಇಂತಹ ಬಿಳಿ ಪಟ್ಟಿಗಳು ಕಂಡುಬರಬಹುದು. ಆಹಾರ ಸುಧಾರಿಸಿದರೆ ಮುಂದಿನ ಗರಿಗಳು ಸಹಜ ಬಣ್ಣದಲ್ಲಿ ಬರುತ್ತವೆ. ಊರಕಾಗೆಯ ಬೂದು ಕುತ್ತಿಗೆ, ಗೊರವಂಕದ ರೆಕ್ಕೆಯ ಬಿಳಿ ಪಟ್ಟೆ ಮತ್ತು ಬೆಳ್ಳಕ್ಕಿಯ ಬಿಳುಪು ಆಯಾ ಪ್ರಭೇದದ ಸಹಜ ಲಕ್ಷಣಗಳು. ಸುಣ್ಣ, ಸಿಮೆಂಟ್ ದೂಳು ಅಥವಾ ಬಣ್ಣ ಮೆತ್ತಿಕೊಂಡ ಹಕ್ಕಿಯೂ ವರ್ಣಹೀನವಲ್ಲ.

ಬಿಳಿ ಹುಲಿ

ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಜನರು ನೋಡಿರುವ ಬಿಳಿ ಹುಲಿಗಳು ಆಲ್ಬಿನೋ ಅಲ್ಲ. ಅವುಗಳ ಪಟ್ಟೆಗಳಲ್ಲಿ ಮೆಲನಿನ್ ಉಳಿದಿರುತ್ತದೆ ಮತ್ತು ಕಣ್ಣುಗಳು ನೀಲಿಯಾಗಿರುತ್ತವೆ. ಎಸ್‌ಎಲ್‌ಸಿ೪೫ಎ೨ ಎಂಬ ವಂಶವಾಹಿಯ ಒಂದು ಮಾರ್ಪಾಡು ಇದಕ್ಕೆ ಕಾರಣವೆಂದು ೨೦೧೩ರಲ್ಲಿ ತಿಳಿದುಬಂದಿತು. ಬಿಳಿ ಹುಲಿಯು ಪ್ರತ್ಯೇಕ ಪ್ರಭೇದವಲ್ಲ. ೧೯೫೧ರಲ್ಲಿ ರೇವಾದ ಕಾಡಿನಲ್ಲಿ ಸೆರೆಸಿಕ್ಕ 'ಮೋಹನ್' ಎಂಬ ಗಂಡು ಹುಲಿಯಿಂದ ಮೃಗಾಲಯಗಳ ಬಿಳಿ ಹುಲಿಗಳ ಮುಖ್ಯ ವಂಶಾವಳಿ ಆರಂಭವಾಯಿತು. ಬಣ್ಣವನ್ನು ಉಳಿಸಿಕೊಳ್ಳಲು ನಿಕಟ ಸಂಬಂಧಿಗಳ ನಡುವೆ ಸಂತಾನಾಭಿವೃದ್ಧಿ ಮಾಡಿಸಿದ್ದರಿಂದ ಆ ವಂಶದಲ್ಲಿ ಆರೋಗ್ಯದ ತೊಂದರೆಗಳು ಕಾಣಿಸಿಕೊಂಡವು.

ಆವಾಸದ ಪ್ರತ್ಯೇಕತೆ

ಅಪ್ರಬಲ ವಂಶವಾಹಿಯಿಂದ ಬರುವ ಬಣ್ಣವು ತಂದೆತಾಯಿಗಳಿಬ್ಬರಿಂದಲೂ ಆ ವಂಶವಾಹಿ ದೊರೆತಾಗ ಮಾತ್ರ ಪ್ರಕಟವಾಗುತ್ತದೆ. ಪ್ರಾಣಿಗಳ ಸಂಖ್ಯೆ ಚಿಕ್ಕದಾಗಿ, ಹೊರಗಿನ ಸಂಪರ್ಕ ಕಡಿದುಹೋದಾಗ ಇದರ ಸಾಧ್ಯತೆ ಹೆಚ್ಚುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ೨೦೨೧ರಲ್ಲಿ ಒಡಿಶಾದ ಸಿಮಿಲಿಪಾಲ್ ಹುಲಿಗಳಲ್ಲಿ ಇದನ್ನು ತೋರಿಸಿದರು. ಅಲ್ಲಿನದು ಬಿಳುಪಲ್ಲ, ಪಟ್ಟೆಗಳು ಅಗಲವಾಗಿ ಕೂಡಿಕೊಂಡು ಮೈ ಕಪ್ಪಾಗಿ ಕಾಣುವ ವ್ಯತ್ಯಯ. ಬೇರೆಡೆ ಅತಿ ವಿರಳವಾದ ಈ ಲಕ್ಷಣವು ಪ್ರತ್ಯೇಕಗೊಂಡ ಆ ಕಾಡಿನಲ್ಲಿ ಸಾಮಾನ್ಯವಾಗಿದೆ. ಜಿಗಣಿ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ನಗರವು ಸಮೀಪಿಸುತ್ತಿರುವ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಂತಹ ಕಾಡುಗಳಿಗೆ ಇತರ ಅರಣ್ಯಗಳೊಂದಿಗಿನ ಸಂಪರ್ಕ ಮುಖ್ಯವಾಗುವುದು ಈ ಕಾರಣಕ್ಕೂ ಹೌದು.

ಬದುಕುಳಿಯುವಿಕೆ ಮತ್ತು ರಕ್ಷಣೆ

ಬಿಳಿ ಪ್ರಾಣಿಗಳು ಬೇಟೆಗಾರ ಪ್ರಾಣಿಗಳ ಕಣ್ಣಿಗೆ ಸುಲಭವಾಗಿ ಬೀಳುತ್ತವೆ. ಮೆಲನಿನ್ ಗರಿಗೆ ಗಟ್ಟಿತನ ಕೊಡುವುದರಿಂದ ಬಿಳಿ ಗರಿಗಳು ಬೇಗ ಸವೆಯುತ್ತವೆ. ಬಿಳಿ ನಾಗರಹಾವಿನ ವಿಷವು ಸಾಮಾನ್ಯ ನಾಗರಹಾವಿನ ವಿಷದಷ್ಟೇ ಅಪಾಯಕಾರಿ. ಅದನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆ, ೧೯೭೨ರ ರಕ್ಷಣೆ ಪ್ರಭೇದಕ್ಕೆ ಅನ್ವಯಿಸುತ್ತದೆ. ಬಣ್ಣ ಬೇರೆಯಾದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಶುಭಶಕುನ ಅಥವಾ ಅಪರೂಪದ ಸಾಕುಪ್ರಾಣಿ ಎಂದು ಹಿಡಿದಿಟ್ಟುಕೊಳ್ಳುವುದು ಅಪರಾಧ.

ದಾಖಲಿಸುವ ಕ್ರಮ

ಕಣ್ಣು, ಕೊಕ್ಕು ಮತ್ತು ಕಾಲುಗಳ ಬಣ್ಣ ಸ್ಪಷ್ಟವಾಗಿ ಕಾಣುವ ಛಾಯಾಚಿತ್ರ ಅಗತ್ಯ. ಬಿಳುಪು ಎರಡೂ ಪಾರ್ಶ್ವಗಳಲ್ಲಿ ಸಮನಾಗಿದೆಯೇ ಎಂಬುದನ್ನು ಗಮನಿಸಬೇಕು. ಅದೇ ಹಕ್ಕಿಯನ್ನು ಗರಿ ಬದಲಾದ ನಂತರ ಮತ್ತೆ ನೋಡಿದರೆ ಕಾರಣವನ್ನು ಊಹಿಸಲು ನೆರವಾಗುತ್ತದೆ: ಬಿಳುಪು ಹಾಗೆಯೇ ಇದ್ದರೆ ಲ್ಯೂಸಿಸಂ, ಹೆಚ್ಚಿದ್ದರೆ ನರೆಯುವಿಕೆ, ಮಾಯವಾಗಿದ್ದರೆ ಆಹಾರದ ಕೊರತೆ ಇದ್ದಿರಬಹುದು.