ಹದಿನಾಲ್ಕಾಣೆ ಲೆಕ್ಕದಿಂದ ಗ್ಯಾರಂಟಿ ಲೆಕ್ಕದವರೆಗೆ

1927ರ ಮಾರ್ಚ್ 12. ಬಾಂಬೆ ಶಾಸನ ಪರಿಷತ್ತಿನಲ್ಲಿ ಬಾಬಾಸಾಹೇಬರು ಎದ್ದು ನಿಂತು ಸರ್ಕಾರಕ್ಕೆ ಅದರದ್ದೇ ಲೆಕ್ಕ ತೋರಿಸಿದರು. ಶಿಕ್ಷಣಕ್ಕೆ ತಲೆಗೆ ಖರ್ಚು ಮಾಡೋದು 14 ಆಣೆ. ಅಬಕಾರಿಯಿಂದ ತಲೆಗೆ ವಸೂಲಿ ಮಾಡೋದು 2 ರೂಪಾಯಿಗೂ ಮೇಲೆ. (ಈಗಿನ ಹುಡುಗರಿಗೆ ಹೇಳ್ತೀನಿ, 16 ಆಣೆಗೆ ಒಂದು ರೂಪಾಯಿ.) ಇದಾಗಿ ಒಂದೇ ವಾರಕ್ಕೆ ಮಹಾಡ್ ಸತ್ಯಾಗ್ರಹ. ಕೆರೆ ನೀರಿನ ಕತೆ ನಮಗೆಲ್ಲ ಬಾಯಿಪಾಠ, ಈ ಲೆಕ್ಕ ಎಷ್ಟು ಜನಕ್ಕೆ ಗೊತ್ತು?

ಅದಕ್ಕೂ ಮುಂಚೆ ಫೆಬ್ರವರಿ 24ರಂದು ಬಜೆಟ್ ಮೇಲೆ ಮಾತಾಡುವಾಗಲೂ ಅವರು ಹಿಡಿದದ್ದು ಬಡವರ ಜೇಬನ್ನೇ. ವ್ಯಾಪಾರಿಗೆ ಆದಾಯ ಕಡಿಮೆ ಇದ್ದರೆ ಆದಾಯ ತೆರಿಗೆಯಿಂದ ವಿನಾಯ್ತಿ ಉಂಟು. ಒಂದೆಕರೆ ರೈತನಿಗೆ ಮಾತ್ರ ಅದಿಲ್ಲ, ಬೆಳೆ ಬರಲಿ ಬಿಡಲಿ ಕಂದಾಯ ಕಟ್ಟಲೇಬೇಕು. ಆಗ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಮನೆಗಳೂ ಅದೇ ಬಾಂಬೆ ಬಜೆಟ್ಟಿನ ಕೆಳಗೇ ಇದ್ದವು.

ಸ್ವಾತಂತ್ರ್ಯ ಬಂದು ಎಷ್ಟೋ ವರ್ಷದ ಮೇಲೆ, 1974-75ರಲ್ಲಿ ಬುಡಕಟ್ಟು ಉಪ ಯೋಜನೆ, 1979-80ರಲ್ಲಿ ಪರಿಶಿಷ್ಟ ಜಾತಿಗಳ ವಿಶೇಷ ಘಟಕ ಯೋಜನೆ ಬಂತು. ನಮ್ಮ ಜನ ಎಷ್ಟಿದ್ದಾರೋ ಯೋಜನೆ ಹಣದಲ್ಲಿ ಅಷ್ಟು ಪಾಲು, ಇಷ್ಟೇ ಅದರ ತಿರುಳು. ಆದರೆ ಕಾನೂನಿನ ಬಲ ಇರಲಿಲ್ಲ, ಹಣ ಬೇರೆ ಕಡೆ ಹರೀತಾನೇ ಇತ್ತು. ಮೊದಲು ಆಂಧ್ರ, ಆಮೇಲೆ ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿದವು. ನಮ್ಮಲ್ಲಿ ಪರಿಶಿಷ್ಟ ಜಾತಿಗೆ 17.15, ಪಂಗಡಕ್ಕೆ 6.95, ಒಟ್ಟು ಶೇ. 24.1.

ಆ ಕಾಯ್ದೆಯೊಳಗೇ ಒಂದು ಕಿಂಡಿ ಇಟ್ಟಿದ್ದರು, ಸೆಕ್ಷನ್ 7(ಡಿ). ಊರಿಗೆಲ್ಲ ರಸ್ತೆ ಮಾಡಿ, ಅದರಲ್ಲಿ ಇಂತಿಷ್ಟು ದಲಿತರಿಗೆ ಖರ್ಚಾಯ್ತು ಅಂತ ಬರ್ಕೊಳ್ಳಬಹುದಿತ್ತು. ನಮ್ಮ ಸಂಘಟನೆಗಳು ವರ್ಷಗಟ್ಟಲೆ ಬೀದಿಯಲ್ಲಿ ಕೂತ ಮೇಲೆ 2023ರಲ್ಲಿ ಅದನ್ನು ತೆಗೆಯಲು ತಿದ್ದುಪಡಿ ತಂದರು. 7(ಸಿ) ಮಾತ್ರ ಉಳೀತು.

ಈಗ ಗ್ಯಾರಂಟಿಗೆ ಬರೋಣ. 2025-26ರ ಬಜೆಟ್ಟಿನಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿಗೆ 42,018 ಕೋಟಿ. ಅದರಲ್ಲಿ 13 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗೆ. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಅಂತ ಸರ್ಕಾರ ಹೇಳುತ್ತೆ. ಇದ್ದಾರೆ, ಸ್ವಾಮಿ. ನಮ್ಮವ್ವನ ಖಾತೆಗೂ ಗೃಹಲಕ್ಷ್ಮಿ 2,000 ಬರುತ್ತೆ. ಸಿಲಿಂಡರು, ಮಾತ್ರೆ ಅದರಲ್ಲೇ ಆಗುತ್ತೆ. ನಾನು ಆ ದುಡ್ಡಿನ ವಿರೋಧಿ ಅಲ್ಲ. ಆದರೆ ಗೌಡರ ಮನೆಗೆ ಹೋಗೋ 2,000 ಸಾಮಾನ್ಯ ಬೊಕ್ಕಸದಿಂದ, ನಮ್ಮವ್ವನ 2,000 ನಮಗೇ ಅಂತ ತೆಗೆದಿಟ್ಟ ಪಾಲಿಂದ. ಎಲ್ಲರಿಗೂ ಕೊಡೋದನ್ನು ನಮಗೆ ಮಾತ್ರ ನಮ್ಮದೇ ಗಂಟಿಂದ ಯಾಕೆ ಕೊಡಬೇಕು?

ಆ ಗಂಟಿನಿಂದ ಆಗಬೇಕಾದ್ದು ಹಾಸ್ಟೆಲ್ಲು, ಗಂಗಾ ಕಲ್ಯಾಣದ ಕೊಳವೆಬಾವಿ, ಭೂ ಒಡೆತನ ಯೋಜನೆಯ ಜಮೀನು, ಅಂಗಡಿ ಇಡೋ ಹುಡುಗನಿಗೆ ನಿಗಮದ ಸಾಲ. ಸರ್ಕಾರಿ ಕಾಮಗಾರಿಯಲ್ಲಿ ನಮ್ಮ ಗುತ್ತಿಗೆದಾರರಿಗೆ ಮೀಸಲಾತಿ ಇದೆ, 50 ಲಕ್ಷವಿದ್ದ ಮಿತಿ 1 ಕೋಟಿಗೂ ಏರಿತು. ಆದರೆ ಕೈಯಲ್ಲಿ ಬಂಡವಾಳ ಇಲ್ಲದವನು ಟೆಂಡರಿಗೆ ಠೇವಣಿ ಎಲ್ಲಿಂದ ತರ್ತಾನೆ? ಹೆಸರು ನಮ್ಮವನದು, ಕೆಲಸ ಇನ್ಯಾರದೋ ಆಗೋದು ಇಲ್ಲೇ.

ಅಂದಹಾಗೆ, ಅದೇ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ. ನಮ್ಮ ಕೇರಿಯ ಗಂಡಸರು ಸಂಜೆ ಕಟ್ಟೋ ತೆರಿಗೆಯೂ ಅದರಲ್ಲಿದೆ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ವಿವರ ಬಜೆಟ್ ಜೊತೆ ಬೇರೆ ಪುಸ್ತಕವಾಗೇ ಬರುತ್ತೆ. ಇಳಿಸಿಕೊಂಡು ಓದಿ, ಯಾವ ಇಲಾಖೆ ಯಾವ ಹೆಸರಲ್ಲಿ ಎಷ್ಟು ಬರ್ಕೊಂಡಿದೆ ಅಂತ ನೋಡಿ, ಕೆಳಗೆ ಕಾಮೆಂಟಿನಲ್ಲಿ ಹಾಕಿ.

ಜೈ ಭೀಮ್.